ಸ್ವಂತ ಟ್ರಕ್ ಎಂದ ಕೂಡಲೇ ರಿಕ್ರೂಟರ್‌ಗಳು ಫೋನ್ ಎತ್ತುತ್ತಿಲ್ಲ, ಏನು ಮಾಡಬೇಕು?

ತುಂಗೆತೀರ
ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಟ್ರಕ್ ಓಡಿಸುವ ಕನ್ನಡಿಗರು ಇಲ್ಲಿ ಕೆಲವರಾದರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಾನು ಕೆಲವು ವರ್ಷಗಳಿಂದ ಕಂಪನಿ ಡ್ರೈವರ್. ಡ್ರೈ ವ್ಯಾನ್ (ಮುಚ್ಚಿದ ಟ್ರೇಲರ್), ಹೆಚ್ಚಾಗಿ ಐ-5 ಮತ್ತು ಐ-80 ಹೆದ್ದಾರಿಗಳ ಮೇಲೆ. ಈಗ ಸ್ವಂತ ಟ್ರಕ್ ತೆಗೆದುಕೊಂಡು ಓನರ್ ಆಪರೇಟರ್ ಆಗಿ ಯಾವುದಾದರೂ ಕ್ಯಾರಿಯರ್‌ಗೆ (ಸರಕು ಸಾಗಿಸುವ ಕಂಪನಿಗೆ) ಲೀಸ್ ಆನ್ ಆಗಬೇಕು, ಅಂದರೆ ನನ್ನ ಟ್ರಕ್ಕನ್ನು ಅವರ ಹೆಸರಿನಲ್ಲಿ ಓಡಿಸಬೇಕು ಎಂದುಕೊಂಡಿದ್ದೇನೆ.

ತೊಂದರೆ ಏನೆಂದರೆ, ಕಂಪನಿ ಡ್ರೈವರ್ ಕೆಲಸಕ್ಕೆ ಎಂದರೆ ಬೇಡ ಬೇಡ ಎಂದರೂ ಫೋನ್ ಬರುತ್ತದೆ. ಓನರ್ ಆಪರೇಟರ್ ಎಂದು ಅರ್ಜಿ ಹಾಕಿದರೆ ಮೊದಲ ದಿನ ಬಹಳ ಸಿಹಿಯಾಗಿ ಮಾತಾಡುತ್ತಾರೆ. ಆಮೇಲೆ ನಾನು "ಬಾಡಿಗೆಯಲ್ಲಿ ನನ್ನ ಪರ್ಸೆಂಟೇಜ್ ಎಷ್ಟು, ಎಸ್ಕ್ರೋ (ಠೇವಣಿ) ಎಷ್ಟು ಹಿಡಿಯುತ್ತೀರಿ, ಲೀಸ್ ಪತ್ರದ ಒಂದು ಕಾಪಿ ಕಳಿಸಿ" ಎಂದು ಕೇಳುತ್ತೇನೆ. ಅಲ್ಲಿಗೆ ಮುಗಿಯಿತು. ವಾಯ್ಸ್‌ಮೇಲ್ ಬಿಟ್ಟರೂ ಇಲ್ಲ, ಮೆಸೇಜ್ ಮಾಡಿದರೂ ಇಲ್ಲ. ಹೆಣ್ಣು ನೋಡಿ ಹೋದ ಬೀಗರು "ಹೇಳಿ ಕಳಿಸ್ತೀವಿ" ಎಂದ ಹಾಗೆ. ಬೇಡ ಎಂದಾದರೂ ಹೇಳಬಹುದಲ್ವಾ?

2014ರ ಒಂದು ಟ್ರಕ್ ನೋಡಿಟ್ಟಿದ್ದೇನೆ. ಡೀಲರ್ ಬೇಗ ಹೇಳಿ ಎಂದು ಒತ್ತಾಯ ಮಾಡುತ್ತಿದ್ದಾನೆ. ಮೊದಲು ಟ್ರಕ್ ತಗೊಂಡು ಆಮೇಲೆ ಕ್ಯಾರಿಯರ್ ಹುಡುಕಲಾ?

ಡಲ್ಲಾಸ್_ದೊಡ್ಡಗಾಡಿ
ಬೇಡ. ಕ್ಯಾರಿಯರ್ ಬರೆದು ಒಪ್ಪುವವರೆಗೂ ಟ್ರಕ್ಕಿಗೆ ಒಂದು ಡಾಲರ್ ಕೊಡಬೇಡಿ.

ಮಂಡ್ಯದಿಂದ_ಮಿಸೌರಿ
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಬಹಳ ಕ್ಯಾರಿಯರ್‌ಗಳಲ್ಲಿ ಟ್ರಕ್ಕಿನ ವಯಸ್ಸಿಗೆ ಮಿತಿ ಇರುತ್ತದೆ. ಕೆಲವರು 10 ವರ್ಷ ಅಂತಾರೆ, ಕೆಲವರು 15, ಕೆಲವರು ಇನ್ಸ್ಪೆಕ್ಷನ್ ಪಾಸಾದರೆ ಸಾಕು ಅಂತಾರೆ. ನಿಮ್ಮದು 2014. ಫಾರ್ಮ್‌ನಲ್ಲಿ ಆ ವರ್ಷ ನೋಡಿಯೇ ಕೆಲವರು ಪಕ್ಕಕ್ಕೆ ಇಟ್ಟಿರಬಹುದು. ಅದನ್ನು ನಿಮಗೆ ಹೇಳುವ ತೊಂದರೆ ಯಾರೂ ತಗೊಳ್ಳುವುದಿಲ್ಲ.

ಮೊದಲ ಫೋನಿನಲ್ಲೇ ಕೇಳಿ: "ಟ್ರಕ್ ಎಷ್ಟು ಹಳೆಯದಿರಬಹುದು? ಎಷ್ಟು ವರ್ಷದ ಅನುಭವ ಬೇಕು? ಯಾವ ರಾಜ್ಯದವರನ್ನು ತಗೊಳ್ಳುತ್ತೀರಿ?" ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಅಲೆದಾಟ ಉಳಿಯುತ್ತದೆ. ಹಣದ ಮಾತು ಆಮೇಲೆ.

ರೀಫರ್_ಬಾಳು
ಹಣದ ಮಾತು ಆಮೇಲೆ ಯಾಕೆ? ಅದೇ ಮೊದಲು ಕೇಳಬೇಕಾದ್ದು. ಎಸ್ಕ್ರೋ ಎಷ್ಟು ಎಂದು ಕೇಳಿದ್ದಕ್ಕೆ ಓಡಿಹೋಗುವವನು ನಾಳೆ ಸೆಟಲ್‌ಮೆಂಟ್‌ನಲ್ಲಿ (ಹಣ ಕೊಡುವ ಲೆಕ್ಕದಲ್ಲಿ) ಏನೋ ಕಳೆದಿದ್ದಾರೆ ಎಂದು ಕೇಳಿದರೆ ಫೋನ್ ಎತ್ತುತ್ತಾನಾ? ರಿಕ್ರೂಟರ್ ಹೇಗೋ ಕಂಪನಿ ಹಾಗೆ. ನಾನು ಉತ್ತರ ಕೊಡದವರ ಹೆಸರು ಹೊಡೆದು ಹಾಕಿ ಮುಂದೆ ಹೋಗುತ್ತೇನೆ, ತಿರುಗಿ ನೋಡುವುದಿಲ್ಲ.

ಆಫೀಸ್_ಕಡೆಯವಳು
ನಾನು ಒಂದು ಮಧ್ಯಮ ಗಾತ್ರದ ಕ್ಯಾರಿಯರ್‌ನಲ್ಲಿ ಸೇಫ್ಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ರಿಕ್ರೂಟರ್‌ಗಳ ಪಕ್ಕದಲ್ಲೇ ಕೂರುತ್ತೇನೆ. ಆ ಕಡೆಯ ಮಾತು ಸ್ವಲ್ಪ ಕೇಳಿ, ಸಿಟ್ಟು ಮಾಡಿಕೊಳ್ಳಬೇಡಿ.

ಬಹಳ ಕಡೆ ರಿಕ್ರೂಟರ್‌ಗೆ ಕಮಿಷನ್ ಬರುವುದು ಓರಿಯೆಂಟೇಷನ್‌ಗೆ (ಸೇರುವಾಗಿನ ತರಬೇತಿಗೆ) ಬಂದು ಕೂತವರ ಲೆಕ್ಕದಲ್ಲಿ. ಬೇಗ ಬರುವವರ ಹಿಂದೆ ಹೋಗುತ್ತಾರೆ. ಕಂಪನಿ ಡ್ರೈವರ್ ಸೋಮವಾರ ಬಂದು ಕೂರಬಹುದು. ಓನರ್ ಆಪರೇಟರ್ ಎಂದರೆ ಟ್ರಕ್ ಇನ್ಸ್ಪೆಕ್ಷನ್, ಟೈಟಲ್, ಪ್ಲೇಟು, 2290 (ಭಾರಿ ವಾಹನ ತೆರಿಗೆ) ಕಟ್ಟಿದ ಪುರಾವೆ, ಇನ್ಶೂರೆನ್ಸ್, ಹೀಗೆ ಕಾಗದದ ಕೆಲಸ ಜಾಸ್ತಿ. ಅದರಲ್ಲೂ "ಇನ್ನೂ ಟ್ರಕ್ ತಗೊಂಡಿಲ್ಲ, ನೋಡಿಟ್ಟಿದ್ದೇನೆ" ಎನ್ನುವವರನ್ನು ಅವರು ಗಂಭೀರವಾಗಿ ತೆಗೆದುಕೊಳ್ಳುವುದು ಕಡಿಮೆ. ತಪ್ಪು, ಆದರೆ ನಡೆಯುವುದು ಹಾಗೆ.

ಇನ್ನೊಂದು ವಿಷಯ. ಬೇಡ ಎಂದು ನಿರ್ಧಾರ ಮಾಡುವವರು ರಿಕ್ರೂಟರ್ ಅಲ್ಲ. ಸೇಫ್ಟಿಯವರು, ಅವರ ಹಿಂದೆ ಇನ್ಶೂರೆನ್ಸ್ ಕಂಪನಿ. ಫೈಲ್ ಅಲ್ಲಿ ನಿಂತಿರುತ್ತದೆ. ರಿಕ್ರೂಟರ್‌ಗೆ ಹೇಳಲು ಏನೂ ಇರುವುದಿಲ್ಲ, ಅದಕ್ಕೆ ಫೋನ್ ಎತ್ತುವುದಿಲ್ಲ.

ತುಂಗೆತೀರ ಅವರೇ, ಒಂದು ಪ್ರಶ್ನೆ. ಕ್ಲಿಯರಿಂಗ್‌ಹೌಸ್ ಎಂಬ ಸರ್ಕಾರಿ ತಾಣದಲ್ಲಿ ನಿಮ್ಮ ಸ್ವಂತ ಅಕೌಂಟ್ ಇದೆಯಾ? ಹೊಸ ಕ್ಯಾರಿಯರ್ ಅರ್ಜಿ ತಗೊಂಡ ಮೇಲೆ ಡ್ರಗ್ ಮತ್ತು ಆಲ್ಕೋಹಾಲ್ ದಾಖಲೆ ನೋಡಲು ಫುಲ್ ಕ್ವೆರಿ ಹಾಕುತ್ತಾರೆ. ಅದಕ್ಕೆ ನೀವು ಆನ್‌ಲೈನ್‌ನಲ್ಲಿ ಒಪ್ಪಿಗೆ ಕೊಡಬೇಕು. 2020ರ ಜನವರಿಯಿಂದ ಇದು ಕಡ್ಡಾಯ. ನೀವು ನೋಂದಣಿ ಮಾಡಿಲ್ಲದಿದ್ದರೆ ಸಿಡಿಎಲ್‌ನಲ್ಲಿ (ಟ್ರಕ್ ಲೈಸೆನ್ಸಿನಲ್ಲಿ) ಇರುವ ವಿಳಾಸಕ್ಕೆ ಅಂಚೆಯಲ್ಲಿ ಪತ್ರ ಹೋಗುತ್ತದೆ. ಮನೆ ಬದಲಾಯಿಸಿದವರ ಪತ್ರ ಹಳೆ ಮನೆಯಲ್ಲೇ ಬಿದ್ದಿರುತ್ತದೆ. ಒಪ್ಪಿಗೆ ಬರಲಿಲ್ಲ ಎಂದು ನಾವು ಇಲ್ಲಿ ಕಾಯುತ್ತಿರುತ್ತೇವೆ, ಫೋನ್ ಬರಲಿಲ್ಲ ಎಂದು ಅವರು ಅಲ್ಲಿ ಕಾಯುತ್ತಿರುತ್ತಾರೆ. ಇಂಥ ಫೈಲ್‌ಗಳು ನಮ್ಮಲ್ಲಿ ಯಾವಾಗಲೂ ಇರುತ್ತವೆ.

ತುಂಗೆತೀರ
ಅಕೌಂಟ್ ಇದೆ, ಆದರೆ ಈಗಿನ ಕಂಪನಿಗೆ ಸೇರುವಾಗ ಮಾಡಿದ್ದು. ಆಮೇಲೆ ಮನೆ ಬದಲಾಗಿದೆ, ಇಮೇಲೂ ಬೇರೆ. ಇವತ್ತೇ ನೋಡುತ್ತೇನೆ. ಬಹಳ ಥ್ಯಾಂಕ್ಸ್ ಮೇಡಂ, ಇದನ್ನು ಒಬ್ಬ ರಿಕ್ರೂಟರ್ ಕೂಡ ಹೇಳಿರಲಿಲ್ಲ.

ರೀಫರ್_ಬಾಳು
ಅದನ್ನೇ ನಾನು ಹೇಳುತ್ತಿರುವುದು! "ಪೋರ್ಟಲ್‌ನಲ್ಲಿ ಒಪ್ಪಿಗೆ ಕೊಡಿ" ಎಂಬ ಒಂದು ಸಾಲಿನ ಮೆಸೇಜ್ ಮಾಡಲು ಎಷ್ಟು ಹೊತ್ತು ಬೇಕು? ಒಬ್ಬ ಮನುಷ್ಯ ಮನೆ ನಡೆಸುವ ದುಡ್ಡನ್ನು ಟ್ರಕ್ಕಿಗೆ ಹಾಕಲು ಹೊರಟಿದ್ದಾನೆ. ಕಾಗದದ ಕೆಲಸ ಜಾಸ್ತಿ ಎನ್ನುವುದು ಕಾರಣ ಅಲ್ಲ.

ಆಫೀಸ್_ಕಡೆಯವಳು
ಒಪ್ಪುತ್ತೇನೆ. ಸಮರ್ಥನೆ ಮಾಡುತ್ತಿಲ್ಲ, ಫೈಲ್ ಎಲ್ಲಿ ನಿಲ್ಲುತ್ತದೆ ಎಂದು ಹೇಳುತ್ತಿದ್ದೇನೆ ಅಷ್ಟೇ.

ಫ್ಲಾಟ್‌ಬೆಡ್_ಜೀವ
ಕ್ಲಿಯರಿಂಗ್‌ಹೌಸ್ ಜೊತೆಗೆ ಇನ್ನೆರಡು ನೀವೇ ತೆಗೆಸಿ ನೋಡಿ. ಒಂದು ಪಿಎಸ್‌ಪಿ. ಅದು ಟ್ರಕ್ ಸುರಕ್ಷತೆ ನೋಡುವ ಕೇಂದ್ರ ಇಲಾಖೆ ಎಫ್‌ಎಂಸಿಎಸ್‌ಎಯ ದಾಖಲೆ, 5 ವರ್ಷದ ಅಪಘಾತ, 3 ವರ್ಷದ ರಸ್ತೆ ಇನ್ಸ್ಪೆಕ್ಷನ್ ಅದರಲ್ಲಿ ಇರುತ್ತದೆ. ಡ್ರೈವರ್‌ಗೆ 10 ಡಾಲರ್. ಇನ್ನೊಂದು ಡಾಕ್ ರಿಪೋರ್ಟ್. ಅದು ಖಾಸಗಿ, ಹಳೆ ಕಂಪನಿಗಳು ನಿಮ್ಮ ಬಗ್ಗೆ ಏನು ಬರೆದಿದ್ದಾರೆ ಎಂಬುದು ಅಲ್ಲಿ ಕೂತಿರುತ್ತದೆ. ವರ್ಷಕ್ಕೊಮ್ಮೆ ಉಚಿತವಾಗಿ ಕೇಳಿ ಪಡೆಯಬಹುದು.

ನನ್ನ ಕಥೆ ಕೇಳಿ. ಒಂದು ಹಳೆ ಕಂಪನಿ ನಾನು ಲೋಡ್ ನಡುದಾರಿಯಲ್ಲಿ ಬಿಟ್ಟು ಹೋದೆ ಎಂದು ಬರೆದಿತ್ತು. ನಾನು ಟ್ರಕ್ಕನ್ನು ಅವರ ಯಾರ್ಡ್‌ನಲ್ಲೇ ನಿಲ್ಲಿಸಿ, ಕೀ ಕೊಟ್ಟು, ಫೋಟೋ ತೆಗೆದುಕೊಂಡು ಬಂದಿದ್ದೆ. ಎಲ್ಲ ರಿಕ್ರೂಟರ್‌ಗಳೂ ಮೊದಲು ಹೂಂ ಎಂದು ಆಮೇಲೆ ಸುಮ್ಮನಾಗುತ್ತಿದ್ದರು, ಯಾಕೆಂದು ಗೊತ್ತೇ ಆಗುತ್ತಿರಲಿಲ್ಲ. ಕೊನೆಗೆ ಡಾಕ್ ತರಿಸಿ ನೋಡಿದಾಗ ತಿಳಿಯಿತು. ಲಿಖಿತವಾಗಿ ತಕರಾರು ಹಾಕಿದೆ, ಫೋಟೋ ಸಮೇತ. ಅಂಥ ತಕರಾರನ್ನು ಸಾಮಾನ್ಯವಾಗಿ 30 ದಿನದೊಳಗೆ ಪರಿಶೀಲಿಸಬೇಕು ಎಂದು ಕಾನೂನಿದೆ. ತೆಗೆದು ಹಾಕಿದರು. ಆಮೇಲೆ ಅದೇ ಜನ, ಅದೇ ರಿಕ್ರೂಟರ್, ತಾವೇ ಫೋನ್ ಮಾಡಿದರು.

ಪಿಎಸ್‌ಪಿಯಲ್ಲಿ ತಪ್ಪಿದ್ದರೆ ಡೇಟಾಕ್ಯೂಸ್ ಎಂಬ ಎಫ್‌ಎಂಸಿಎಸ್‌ಎ ತಾಣದಲ್ಲಿ ತಕರಾರು ಹಾಕಬೇಕು. ಅದು ಬೇರೆ ದಾರಿ, ಎರಡನ್ನೂ ಬೆರೆಸಬೇಡಿ.

ಯಶವಂತಪುರ_ಲಾರಿ
ನಾನು ಬೆಂಗಳೂರಿನಿಂದ ಓದುತ್ತಿದ್ದೇನೆ, ಮನೆಯ ಎರಡು ಲಾರಿ ಇವೆ. ಇಷ್ಟೊಂದು ರಿಪೋರ್ಟಾ? ನಮ್ಮಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗಿ ಬೆಂಚಿನ ಮೇಲೆ ಕೂತರೆ ಲೋಡ್ ಸಿಗುತ್ತದೋ ಇಲ್ಲವೋ ಸಂಜೆಯೊಳಗೆ ಗೊತ್ತಾಗುತ್ತದೆ. ಕಮಿಷನ್ ಹಿಡಿಯುತ್ತಾರೆ, ಬಾಡಿಗೆಯ ಬಾಕಿ ಕೊಡಲು ಸತಾಯಿಸುತ್ತಾರೆ, ಅದು ಬೇರೆ ಗೋಳು. ಆದರೆ ಮುಖ ನೋಡಿ ಮಾತಾಡುತ್ತಾರೆ.

ಹೈವೇ_ಹುಬ್ಬಳ್ಳಿ
ಅಣ್ಣಾ, ಇಲ್ಲಿಯೂ ಮುಖ ನೋಡಿ ಮಾತಾಡುವುದೇ ಕೆಲಸಕ್ಕೆ ಬರುವುದು. ನನಗೆ ಈಗಿನ ಕ್ಯಾರಿಯರ್ ಸಿಕ್ಕಿದ್ದು ಫ್ಯುಯಲ್ ಐಲ್ಯಾಂಡ್‌ನಲ್ಲಿ (ಡೀಸೆಲ್ ಹಾಕುವ ಜಾಗದಲ್ಲಿ). ಟ್ರಕ್ ಸ್ಟಾಪ್‌ನಲ್ಲಿ ಬಾಗಿಲ ಮೇಲೆ ಕಂಪನಿ ಹೆಸರು, ಕೆಳಗೆ ಸಣ್ಣದಾಗಿ ಡ್ರೈವರ್‌ನ ಸ್ವಂತ ಎಲ್‌ಎಲ್‌ಸಿ ಹೆಸರು ಕಂಡರೆ ಅವನು ಲೀಸ್ ಆದ ಓನರ್ ಆಪರೇಟರ್ ಎಂದು ತಿಳಿ. ಹೋಗಿ ಮಾತಾಡಿಸು. ಹಣ ಹೊತ್ತಿಗೆ ಬರುತ್ತದಾ, ಯಾರು ಡಿಸ್ಪ್ಯಾಚ್ ಮಾಡುತ್ತಾರೆ, ಖಾಲಿ ಎಷ್ಟು ಓಡಿಸುತ್ತಾರೆ, ಎಲ್ಲ ಹೇಳುತ್ತಾನೆ. ಮನಸ್ಸಿದ್ದರೆ ತನ್ನ ಡಿಸ್ಪ್ಯಾಚರ್ ನಂಬರೇ ಕೊಡುತ್ತಾನೆ. ಕೆಲವು ಕಂಪನಿ ಹೊಸಬರನ್ನು ತಂದವನಿಗೆ ರೆಫರಲ್ ದುಡ್ಡೂ ಕೊಡುತ್ತವೆ, ಅದಕ್ಕೆ ಅವನೇ ಆಫೀಸಿನ ಹಿಂದೆ ಬೀಳುತ್ತಾನೆ.

ಮಾರ್ಚ್‌ನಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಮಿಡ್ ಅಮೆರಿಕಾ ಟ್ರಕಿಂಗ್ ಶೋ ನಡೆಯುತ್ತದೆ. ಅಲ್ಲಿ ಕ್ಯಾರಿಯರ್‌ಗಳದೇ ಮಳಿಗೆಗಳಿರುತ್ತವೆ. ನಿಂತು ಕೇಳಬಹುದು.

ಬ್ರಾಂಪ್ಟನ್_ಕನ್ನಡತಿ
ಪಂಜಾಬಿಗಳನ್ನು ನೋಡಿ ಕಲಿಯಬೇಕು. ಕೆನಡಾದ ನಮ್ಮ ಬ್ರಾಂಪ್ಟನ್‌ನಲ್ಲಿ ಯಾರೂ ರಿಕ್ರೂಟರ್‌ಗೆ ಕಾಯುವುದಿಲ್ಲ, ಗುರುದ್ವಾರದಲ್ಲಿ, ಧಾಬಾದಲ್ಲಿ ಮಾತಾಗಿ ಹೋಗಿರುತ್ತದೆ. ಕನ್ನಡಿಗರು ಈ ಲೈನಿನಲ್ಲಿ ಕಡಿಮೆ, ಇರುವವರಿಗೂ ಒಬ್ಬರಿಗೊಬ್ಬರ ಪರಿಚಯ ಇಲ್ಲ. ಕನ್ನಡ ಸಂಘಕ್ಕೆ ಹೋದರೆ ಎಲ್ಲರೂ ಸಾಫ್ಟ್‌ವೇರ್. ನನ್ನ ಗಂಡ ಟ್ರಕ್ ಓಡಿಸುತ್ತಾರೆ ಎಂದರೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಅದು ನನಗೆ ಇವತ್ತಿಗೂ ಬೇಜಾರು.

ಡಲ್ಲಾಸ್_ದೊಡ್ಡಗಾಡಿ
ಧಾಬಾ ಎಂದಿರಲ್ಲ, ಐ-40ರ ಮೇಲೆ ಒಕ್ಲಹೋಮಾದಲ್ಲಿ ಪಂಜಾಬಿ ಧಾಬಾ ಇದೆ. ಬಿಸಿ ಪರಾಠಾ ಸಿಗುತ್ತದೆ. ಆದರೆ ಮುದ್ದೆ ಸಾರು ಎಲ್ಲೂ ಇಲ್ಲ ನೋಡಿ.

ಮಂಡ್ಯದಿಂದ_ಮಿಸೌರಿ
ಮುದ್ದೆ ಟ್ರಕ್ಕಿನಲ್ಲೇ ಮಾಡುತ್ತೇನೆ. ಇನ್ವರ್ಟರ್, ಇಂಡಕ್ಷನ್ ಒಲೆ, ಒಂದು ದಪ್ಪ ಪಾತ್ರೆ ಸಾಕು. ಕೋಲು ಮಾತ್ರ ಊರಿಂದ ತಂದಿದ್ದು. ವಾಸನೆಗೆ ಪಕ್ಕದ ಟ್ರಕ್ಕಿನವರು ಬಂದು ಕೇಳುತ್ತಾರೆ. ಇನ್ವರ್ಟರ್ 2000 ವಾಟ್‌ಗಿಂತ ಕಡಿಮೆ ತಗೋಬೇಡಿ.

ರೀಫರ್_ಬಾಳು
ಮುದ್ದೆಗೆ ಬೇರೆ ಥ್ರೆಡ್ ಮಾಡಿ, ನಾನೂ ಬರುತ್ತೇನೆ. ಇಲ್ಲಿ ಅವರ ಪ್ರಶ್ನೆ ನೋಡೋಣ.

ತುಂಗೆತೀರ, ನೇರವಾಗಿ ಹೇಳುತ್ತೇನೆ. ಇವರ ಬಾಗಿಲು ಯಾಕೆ ಕಾಯಬೇಕು? ನಿಮ್ಮದೇ ಎಂಸಿ ನಂಬರ್, ಅಂದರೆ ಸ್ವಂತ ಕ್ಯಾರಿಯರ್ ಪರವಾನಗಿ (ಅಥಾರಿಟಿ) ತಗೊಳ್ಳಿ. ಅರ್ಜಿಗೆ 300 ಡಾಲರ್. ಬಿಒಸಿ-3 (ಕೋರ್ಟ್ ಕಾಗದ ಪಡೆಯುವ ಏಜೆಂಟರ ಫಾರ್ಮ್) ಹಾಕಿಸಿ, ಇನ್ಶೂರೆನ್ಸ್ ಹಾಕಿ, ಲೋಡ್ ಬೋರ್ಡ್ (ಲೋಡ್ ಸಿಗುವ ಆನ್‌ಲೈನ್ ತಾಣ) ನೋಡಿಕೊಂಡು ನೀವೇ ಲೋಡ್ ಹಿಡಿಯಿರಿ. ರಿಕ್ರೂಟರ್ ಇಲ್ಲ, ಎಸ್ಕ್ರೋ ಇಲ್ಲ.

ಫ್ಲಾಟ್‌ಬೆಡ್_ಜೀವ
300 ಡಾಲರ್ ಎಂದು ಅರ್ಧ ಹೇಳಿ ಬಿಡಬೇಡಿ ಬಾಳು. ಇನ್ಶೂರೆನ್ಸ್ ಎಷ್ಟು ಎಂದೂ ಹೇಳಿ. ಕಾನೂನಿನಲ್ಲಿ ಸಾಮಾನ್ಯ ಸರಕಿಗೆ 7,50,000 ಡಾಲರ್ ಲಯಬಿಲಿಟಿ ಸಾಕು, ಆದರೆ ಬ್ರೋಕರ್‌ಗಳು 10 ಲಕ್ಷ ಕೇಳುತ್ತಾರೆ. ಹೊಸ ಅಥಾರಿಟಿಗೆ ಮೊದಲ ವರ್ಷದ ಪ್ರೀಮಿಯಂ 10,000 ಡಾಲರ್ ದಾಟುವುದು ಮಾಮೂಲಿ. ಮೇಲಿಂದ ಐಆರ್‌ಪಿ ಪ್ಲೇಟು (ಹಲವು ರಾಜ್ಯಗಳ ನೋಂದಣಿ), ಐಎಫ್‌ಟಿಎ (ಇಂಧನ ತೆರಿಗೆ), ಯುಸಿಆರ್ (ಅಂತರರಾಜ್ಯ ಕ್ಯಾರಿಯರ್ ಶುಲ್ಕ), 2290ಕ್ಕೆ 550 ಡಾಲರ್, ಡ್ರಗ್ ಟೆಸ್ಟಿಂಗ್ ಕನ್ಸಾರ್ಟಿಯಂ, ಟ್ರೇಲರ್ ಬೇರೆ. ಹೊಸ ಎಂಸಿ ಎಂದರೆ ಬಹಳ ಬ್ರೋಕರ್‌ಗಳು ಮೊದಲ ಕೆಲವು ತಿಂಗಳು ಲೋಡೇ ಕೊಡುವುದಿಲ್ಲ. ಮೊದಲ 12 ತಿಂಗಳೊಳಗೆ ಸೇಫ್ಟಿ ಆಡಿಟ್. 2022ರಿಂದ ರೇಟ್ ಬಿದ್ದ ಮೇಲೆ ಎಷ್ಟು ಸಣ್ಣ ಎಂಸಿಗಳು ಮುಚ್ಚಿ ಹೋದವು ಎಂದು ನಿಮಗೂ ಗೊತ್ತು.

ಮೊದಲ ಒಂದೆರಡು ವರ್ಷ ಲೀಸ್ ಆಗಿ ಓಡಿಸಿ ಲೆಕ್ಕ ಕಲಿಯುವುದೇ ಒಳ್ಳೆಯದು.

ರೀಫರ್_ಬಾಳು
ನಾನು ನೇರವಾಗಿ ಎಂಸಿ ತಗೊಂಡೇ ಶುರು ಮಾಡಿದೆ, ಇವತ್ತಿಗೂ ಓಡುತ್ತಿದ್ದೇನೆ. ಎಲ್ಲರೂ ಮುಚ್ಚಿ ಹೋಗುವುದಿಲ್ಲ. ಕೈಯಲ್ಲಿ ಆರು ತಿಂಗಳ ಖರ್ಚಿಗೆ ಹಣ ಇದ್ದರೆ ಮಾಡಬಹುದು. ಇಲ್ಲದಿದ್ದರೆ ನೀವು ಹೇಳಿದ್ದು ಸರಿ.

ಆಫೀಸ್_ಕಡೆಯವಳು
ತುಂಗೆತೀರ, ನೀವು ಯಾವ ರಾಜ್ಯ? ಐ-5, ಐ-80 ಎಂದಿರಿ. ಕ್ಯಾಲಿಫೋರ್ನಿಯಾನಾ?

ತುಂಗೆತೀರ
ಹೌದು, ಸ್ಟಾಕ್ಟನ್ ಹತ್ತಿರ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಮಂಡ್ಯದಿಂದ_ಮಿಸೌರಿ
ಅಯ್ಯೋ, ಬಹಳ ಸಂಬಂಧ ಇದೆ. ಎಬಿ5!

ಆಫೀಸ್_ಕಡೆಯವಳು
ಅದೇ ನೋಡಿ. ಎಬಿ5 ಕ್ಯಾಲಿಫೋರ್ನಿಯಾ 2019ರಲ್ಲಿ ತಂದ ಕಾನೂನು. ಸ್ವತಂತ್ರ ಗುತ್ತಿಗೆದಾರ ಎಂದು ಕರೆಯಬೇಕಾದರೆ ಮೂರು ಷರತ್ತು ಪೂರೈಸಬೇಕು. ಎರಡನೆಯದರಲ್ಲೇ ಟ್ರಕಿಂಗ್ ಸಿಕ್ಕಿಬೀಳುತ್ತದೆ. ಕೆಲಸ ಕೊಡುವ ಕಂಪನಿಯ ಮಾಮೂಲಿ ವ್ಯವಹಾರ ಏನೋ ಅದರ ಹೊರಗಿನ ಕೆಲಸ ಮಾಡುವವನಾಗಿರಬೇಕು. ಸರಕು ಸಾಗಿಸುವ ಕಂಪನಿಗೆ ಸರಕು ಸಾಗಿಸಿದರೆ ಅದು ಹೊರಗಿನ ಕೆಲಸ ಹೇಗಾಗುತ್ತದೆ? ಟ್ರಕಿಂಗ್‌ನವರು ಕೋರ್ಟಿಗೆ ಹೋದರು, 2022ರ ಜೂನ್ 30ರಂದು ಸುಪ್ರೀಂ ಕೋರ್ಟ್ ಕೇಸ್ ತಗೊಳ್ಳಲಿಲ್ಲ. ಓಕ್‌ಲ್ಯಾಂಡ್ ಬಂದರಿನಲ್ಲಿ ಡ್ರೈವರ್‌ಗಳು ಪ್ರತಿಭಟನೆ ಮಾಡಿದ್ದು ಆಗಲೇ.

ಅದಾದ ಮೇಲೆ ಹೊರರಾಜ್ಯದ ಎಷ್ಟೋ ಕ್ಯಾರಿಯರ್‌ಗಳು ಕ್ಯಾಲಿಫೋರ್ನಿಯಾದಲ್ಲಿ ಇರುವ ಓನರ್ ಆಪರೇಟರ್‌ಗಳನ್ನು ಲೀಸ್‌ಗೆ ತಗೊಳ್ಳುವುದನ್ನೇ ನಿಲ್ಲಿಸಿದ್ದಾರೆ. ಮಾತಾಡುವಾಗ ಸರಿ ಅಂತಾರೆ, ಫೈಲ್ ತೆರೆದು ವಿಳಾಸ ನೋಡಿದ ಮೇಲೆ ಸುಮ್ಮನಾಗುತ್ತಾರೆ. ನಿಮ್ಮ ವಿಷಯದಲ್ಲಿ ಇದೇ ಆಗಿರುವ ಸಾಧ್ಯತೆ ಜಾಸ್ತಿ. ನೀವು ಎಸ್ಕ್ರೋ ಕೇಳಿದ್ದಕ್ಕೆ ಅಲ್ಲ.

ತುಂಗೆತೀರ
ಈಗ ಅರ್ಥ ಆಗುತ್ತಿದೆ. ಇಷ್ಟು ದಿನ ನನ್ನ ಇಂಗ್ಲಿಷ್ ಉಚ್ಚಾರಣೆಯೋ, ಹೆಸರೋ ಎಂದು ಏನೇನೋ ಯೋಚನೆ ಮಾಡುತ್ತಿದ್ದೆ. ರಾತ್ರಿ ನಿದ್ದೆ ಕೂಡ ಬರುತ್ತಿರಲಿಲ್ಲ. ಹೆಂಡತಿ ಇದು ಬೇಡವೇ ಬೇಡ ಬಿಡಿ ಎನ್ನುತ್ತಿದ್ದಳು.

ಬ್ರಾಂಪ್ಟನ್_ಕನ್ನಡತಿ
ಇದೇ ನೋಡಿ, ಉತ್ತರ ಕೊಡದಿದ್ದರೆ ಮನುಷ್ಯನಿಗೆ ಏನಾಗುತ್ತದೆ ಎಂದು ಅವರಿಗೆ ಗೊತ್ತಾಗಬೇಕು. ಮನೆಯವರೂ ಅದನ್ನು ಅನುಭವಿಸುತ್ತಾರೆ.

ಹೈವೇ_ಹುಬ್ಬಳ್ಳಿ
ಇಂಗ್ಲಿಷ್ ಮಾತು ಬಂತಲ್ಲ, ಒಂದು ಹೇಳಿಬಿಡುತ್ತೇನೆ. 2025ರ ಜೂನ್ 25ರಿಂದ ರಸ್ತೆ ಇನ್ಸ್ಪೆಕ್ಷನ್‌ನಲ್ಲಿ ಇಂಗ್ಲಿಷ್‌ನಲ್ಲಿ ಉತ್ತರ ಕೊಡಲು, ಬೋರ್ಡ್ ಓದಲು ಆಗದಿದ್ದರೆ ಔಟ್ ಆಫ್ ಸರ್ವಿಸ್ ಹಾಕುತ್ತಾರೆ, ಅಂದರೆ ಅಲ್ಲೇ ಓಡಿಸದಂತೆ ತಡೆಯುತ್ತಾರೆ. ಅದಕ್ಕೇ ರಿಕ್ರೂಟರ್‌ಗಳು ಫೋನಿನಲ್ಲಿ ಸುಮ್ನೆ ಹವಾಮಾನ, ಊರು ಎಂದು ಮಾತಾಡಿಸಿ ನೋಡುತ್ತಾರೆ. ಉಚ್ಚಾರಣೆ ನಮ್ಮದೇ ಇರಲಿ, ಅದಕ್ಕೆ ತೊಂದರೆ ಇಲ್ಲ. ಅರ್ಥ ಆಗಬೇಕು ಅಷ್ಟೇ.

ಯಶವಂತಪುರ_ಲಾರಿ
ನನ್ನ ತಮ್ಮ ಅಲ್ಲಿ ಎಚ್1ಬಿ ಮೇಲೆ ಇದ್ದಾನೆ, ಐಟಿ ಸಾಕಾಗಿದೆ, ಟ್ರಕ್ ತಗೋತೀನಿ ಅಂತಾನೆ. ಆಗುತ್ತಾ?

ಡಲ್ಲಾಸ್_ದೊಡ್ಡಗಾಡಿ
ಆಗುವುದಿಲ್ಲ. ಎಚ್1ಬಿ ಇರುವುದು ಅರ್ಜಿ ಹಾಕಿದ ಆ ಕಂಪನಿಯ ಕೆಲಸಕ್ಕೆ ಮಾತ್ರ. ಗ್ರೀನ್ ಕಾರ್ಡ್ ಬರಲಿ. ಅದಿಲ್ಲದವರಿಗೆ ಸಿಡಿಎಲ್ ಕೊಡುವ ನಿಯಮವನ್ನೂ 2025ರ ಸೆಪ್ಟೆಂಬರ್‌ನಲ್ಲಿ ಬಿಗಿ ಮಾಡಿದರು, ಅದು ಕೋರ್ಟಿಗೂ ಹೋಯಿತು. ಅವನಿಗೆ ಆ ಯೋಚನೆ ಬಿಡಲು ಹೇಳಿ.

ಫ್ಲಾಟ್‌ಬೆಡ್_ಜೀವ
ತುಂಗೆತೀರ, ಕ್ಯಾಲಿಫೋರ್ನಿಯಾ ಎಂದ ಮೇಲೆ ಟ್ರಕ್ ಬಗ್ಗೆಯೂ ಹುಷಾರು. 2023ರ ಜನವರಿ 1ರಿಂದ ಅಲ್ಲಿ ಭಾರಿ ಟ್ರಕ್ಕಿಗೆ 2010 ಅಥವಾ ಅದಕ್ಕಿಂತ ಹೊಸ ಮಾಡೆಲ್ ವರ್ಷದ ಎಂಜಿನ್ ಬೇಕು. ಟ್ರಕ್ಕಿನ ವರ್ಷ ಅಲ್ಲ, ಎಂಜಿನ್ ವರ್ಷ. ನಿಮ್ಮದು 2014, ಸಾಮಾನ್ಯವಾಗಿ ಸರಿ ಇರುತ್ತದೆ. ಆದರೂ ಎಂಜಿನ್ ಮೇಲಿನ ಲೇಬಲ್ ನೀವೇ ಕಣ್ಣಾರೆ ನೋಡಿ, ಯಾರಾದರೂ ಬದಲಾಯಿಸಿರಬಹುದು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಿತ್ತು ಹಾಕಿದ್ದಾರಾ ಎಂದೂ ನೋಡಿಸಿ. ಕ್ಲೀನ್ ಟ್ರಕ್ ಚೆಕ್ ಎಂಬ ರಾಜ್ಯದ ಹೊಗೆ ತಪಾಸಣೆಯಲ್ಲಿ ಫೇಲ್ ಆದರೆ ಆ ಟ್ರಕ್ ಅಲ್ಲಿ ಓಡಿಸುವ ಹಾಗಿಲ್ಲ.

ತುಂಗೆತೀರ
ಒಂದು ರಿಕ್ರೂಟರ್ ಮಾತ್ರ ಇವತ್ತು ತಾವಾಗಿ ಫೋನ್ ಮಾಡಿದರು. "ನಿಮ್ಮ ಟ್ರಕ್ ಬೇಡ, ನಮ್ಮದೇ ಟ್ರಕ್ ಲೀಸ್ ಪರ್ಚೇಸ್ (ಕಂತು ಕಟ್ಟಿ ಸ್ವಂತ ಮಾಡಿಕೊಳ್ಳುವ ಹಾಗೆ) ಕೊಡುತ್ತೇವೆ, ಡೌನ್ ಪೇಮೆಂಟ್ ಇಲ್ಲ, ಕ್ರೆಡಿಟ್ ನೋಡುವುದಿಲ್ಲ, ಸೋಮವಾರವೇ ಬನ್ನಿ" ಅಂತಾರೆ. ಇದು ಹೇಗೆ?

ಮಂಡ್ಯದಿಂದ_ಮಿಸೌರಿ
ಬೇಡ ಬೇಡ ಬೇಡ.

ಡಲ್ಲಾಸ್_ದೊಡ್ಡಗಾಡಿ
ಹತ್ತಿರವೂ ಹೋಗಬೇಡಿ. ವಾರವಾರ ಕಂತು ಅವರೇ ಮುರಿದುಕೊಳ್ಳುತ್ತಾರೆ. ಲೋಡ್ ಕೊಡುವವರೂ ಅವರೇ. ಲೋಡ್ ಕಡಿಮೆ ಕೊಟ್ಟ ವಾರ ನಿಮ್ಮ ಸೆಟಲ್‌ಮೆಂಟ್ ಮೈನಸ್‌ಗೆ ಹೋಗುತ್ತದೆ. ಕಂತು ಕಟ್ಟಲು ಆಗದೆ ಬಿಟ್ಟರೆ ಟ್ರಕ್ ಅವರಿಗೆ, ಕಟ್ಟಿದ್ದು ಹೋಯಿತು. ಅದೇ ಟ್ರಕ್ಕನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಇದನ್ನು ನೋಡಲೆಂದೇ ಸರ್ಕಾರ ಮಾಡಿದ ಟ್ರಕ್ ಲೀಸಿಂಗ್ ಟಾಸ್ಕ್ ಫೋರ್ಸ್ 2025ರ ಜನವರಿಯಲ್ಲಿ ವರದಿ ಕೊಟ್ಟು, ಇಂಥ ಲೀಸ್ ಪರ್ಚೇಸ್ ಅನ್ನು ನಿಷೇಧಿಸಿ ಎಂದೇ ಹೇಳಿದೆ. ಎಲ್ಲರೂ ಫೋನ್ ಎತ್ತದಿರುವಾಗ ಇವರು ಮಾತ್ರ ಓಡಿ ಬರುತ್ತಾರಲ್ಲ, ಯಾಕೆ ಎಂದು ಯೋಚಿಸಿ.

ಫ್ಲಾಟ್‌ಬೆಡ್_ಜೀವ
ನನ್ನ ಪರಿಚಯದ ಒಬ್ಬರು ಅದರಲ್ಲೇ ಟ್ರಕ್ ಸ್ವಂತ ಮಾಡಿಕೊಂಡರು. ಆಗುವುದೇ ಇಲ್ಲ ಎನ್ನಲಾರೆ. ಆದರೆ ಬಹಳ ಕಡಿಮೆ. ಅವರು ಪತ್ರದ ಪ್ರತಿ ಸಾಲನ್ನೂ ವಕೀಲರಿಗೆ ತೋರಿಸಿದ್ದರು.

ಆಫೀಸ್_ಕಡೆಯವಳು
ನೀವು ಲೀಸ್ ಪತ್ರ ಮೊದಲೇ ಕೇಳಿದ್ದು ಸರಿಯಾದ ಕೆಲಸ, ಅದನ್ನು ಬಿಡಬೇಡಿ. ಕಾನೂನು ನಿಮ್ಮ ಕಡೆ ಇದೆ. ಟ್ರೂತ್ ಇನ್ ಲೀಸಿಂಗ್ ಎನ್ನುತ್ತಾರೆ, ಕೇಂದ್ರ ಸರ್ಕಾರದ ನಿಯಮ, 49 ಸಿಎಫ್‌ಆರ್‌ನ 376ನೇ ಭಾಗ. ಎಷ್ಟು ಕೊಡುತ್ತೇವೆ, ಏನೇನು ಮುರಿಯುತ್ತೇವೆ ಎಂಬುದೆಲ್ಲ ಪತ್ರದಲ್ಲೇ ಬರೆದಿರಬೇಕು. ಲೋಡ್ ಕಾಗದ ಕೊಟ್ಟ 15 ದಿನದೊಳಗೆ ಹಣ ಕೊಡಬೇಕು. ಪರ್ಸೆಂಟೇಜ್ ಮೇಲೆ ಓಡಿಸುವುದಾದರೆ ಗ್ರಾಹಕನಿಗೆ ಎಷ್ಟು ಬಿಲ್ ಮಾಡಿದ್ದಾರೆ ಎಂದು ನೋಡುವ ಹಕ್ಕು ನಿಮಗಿದೆ. ಲೀಸ್‌ಗೆ ಬರಬೇಕಾದರೆ ನಮ್ಮಲ್ಲೇ ಇದು ಕೊಳ್ಳಿ, ಅದು ಕೊಳ್ಳಿ ಎಂದು ಒತ್ತಾಯಿಸುವ ಹಾಗಿಲ್ಲ.

ಮಂಡ್ಯದಿಂದ_ಮಿಸೌರಿ
ಬಿಟ್ಟು ಹೋದ ಮೇಲೆ ಎಸ್ಕ್ರೋ 30 ದಿನದೊಳಗೆ ವಾಪಸ್ ಕೊಡಬೇಕು ಎಂದೂ ಇದೆ ಅಲ್ವಾ?

ಆಫೀಸ್_ಕಡೆಯವಳು
45 ದಿನ. ಎಸ್ಕ್ರೋ ಹಣಕ್ಕೆ ಅವರು ಬಡ್ಡಿಯನ್ನೂ ಕೊಡಬೇಕು, ಬಹಳ ಜನ ಅದನ್ನು ಕೇಳುವುದೇ ಇಲ್ಲ.

ಮುಂದಿನ ಸಲ ಹೀಗೆ ಮಾಡಿ. ಫೋನ್ ಆದ ಕೂಡಲೇ ಒಂದು ಇಮೇಲ್ ಹಾಕಿ. ಯಾವ ರಾಜ್ಯ, ಎಷ್ಟು ವರ್ಷದ ಸಿಡಿಎಲ್ ಎ, ಟ್ರಕ್ ಮತ್ತು ಎಂಜಿನ್ ವರ್ಷ, ಕ್ಲಿಯರಿಂಗ್‌ಹೌಸ್ ಒಪ್ಪಿಗೆ ರೆಡಿ ಇದೆ, ಪಿಎಸ್‌ಪಿ ಲಗತ್ತಿಸಿದ್ದೇನೆ, ಯಾವ ದಿನದಿಂದ ಬರಬಲ್ಲೆ. ಕೊನೆಗೆ "ಕ್ಯಾಲಿಫೋರ್ನಿಯಾದವರನ್ನು ತಗೊಳ್ಳುವುದಿಲ್ಲ ಎಂದಾದರೆ ಒಂದು ಸಾಲು ಬರೆಯಿರಿ" ಎಂದು ಸೇರಿಸಿ. ಎರಡು ಮೂರು ದಿನ ನೋಡಿ. ಉತ್ತರ ಬರದಿದ್ದರೆ ಕಂಪನಿಯ ಮುಖ್ಯ ನಂಬರ್‌ಗೆ ಮಾಡಿ ಸೇಫ್ಟಿ ವಿಭಾಗ ಕೇಳಿ. ಆ ನಂಬರ್ ಎಫ್‌ಎಂಸಿಎಸ್‌ಎಯ ಸೇಫರ್ ತಾಣದಲ್ಲಿ ಸಿಗುತ್ತದೆ. ಅಲ್ಲೇ ಆ ಕಂಪನಿಗೆ ಎಷ್ಟು ಟ್ರಕ್, ಎಷ್ಟು ಅಪಘಾತ, ಅಥಾರಿಟಿ ಚಾಲ್ತಿಯಲ್ಲಿದೆಯಾ ಎಂದೂ ಕಾಣುತ್ತದೆ.

ರೀಫರ್_ಬಾಳು
ಇದನ್ನು ಪಿನ್ ಮಾಡಿ ಯಾರಾದರೂ. ಮೇಡಂ, ನಿಮ್ಮ ಹಾಗೆ ಹೇಳುವವರು ಪ್ರತಿ ಆಫೀಸಿನಲ್ಲಿ ಒಬ್ಬರಿದ್ದರೂ ಸಾಕಿತ್ತು.

ತುಂಗೆತೀರ
ಎಲ್ಲರಿಗೂ ಅಪ್‌ಡೇಟ್. ಕ್ಲಿಯರಿಂಗ್‌ಹೌಸ್ ತೆರೆದು ನೋಡಿದೆ. ಎರಡು ಕಂಪನಿಯ ಒಪ್ಪಿಗೆ ಕೋರಿಕೆ ಅಲ್ಲೇ ಬಾಕಿ ಬಿದ್ದಿತ್ತು! ಎರಡಕ್ಕೂ ಒಪ್ಪಿಗೆ ಕೊಟ್ಟು, ಮೇಡಂ ಹೇಳಿದ ಹಾಗೆ ಸೇಫ್ಟಿಗೆ ನೇರವಾಗಿ ಫೋನ್ ಮಾಡಿದೆ. ಒಂದು ಕಡೆ "ಕ್ಯಾಲಿಫೋರ್ನಿಯಾ ಈಗ ತಗೊಳ್ಳುತ್ತಿಲ್ಲ, ಸಾರಿ" ಎಂದು ಎರಡೇ ನಿಮಿಷದಲ್ಲಿ ಹೇಳಿದರು. ಬೇಜಾರಾಗಲಿಲ್ಲ, ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು. ಇನ್ನೊಂದು ನೆವಾಡಾದ ಕಂಪನಿ. ಅವರು ಟ್ರಕ್ಕಿನ ವಿನ್ (ಚಾಸಿಸ್) ನಂಬರ್ ಮತ್ತು ಎಂಜಿನ್ ಲೇಬಲ್ ಫೋಟೋ ಕೇಳಿದ್ದಾರೆ, ಲೀಸ್ ಪತ್ರದ ಕರಡನ್ನೂ ಕಳಿಸಿದ್ದಾರೆ. ನಮ್ಮ ರಾಜ್ಯದವರನ್ನು ಹೇಗೆ ತಗೊಳ್ಳುತ್ತಾರೆ ಎಂದು ಇನ್ನೂ ವಿವರ ಕೇಳಬೇಕು. ಡೀಲರ್‌ಗೆ ಕಾಯಲು ಹೇಳಿದ್ದೇನೆ, ಲೀಸ್ ಪರ್ಚೇಸ್‌ನವರಿಗೆ ಬೇಡ ಎಂದೆ.

ಕರಡಿನಲ್ಲಿ ಟ್ರೇಲರ್ ಬಾಡಿಗೆ ವಾರಕ್ಕೆ ಇಷ್ಟು ಎಂದು ಇದೆ. ನಾನು ಮನೆಯಲ್ಲಿ ಇದ್ದ ವಾರವೂ ಅದನ್ನು ಮುರಿಯುತ್ತಾರಾ?

ಫ್ಲಾಟ್‌ಬೆಡ್_ಜೀವ
ಬಹಳ ಕಡೆ ಮುರಿಯುತ್ತಾರೆ. ಮನೆಗೆ ಹೋಗುವಾಗ ಟ್ರೇಲರ್ ಅವರ ಯಾರ್ಡ್‌ನಲ್ಲಿ ಬಿಟ್ಟರೆ ಬಾಡಿಗೆ ಇಲ್ಲ ಎಂದು ಬರೆಸಿಕೊಳ್ಳಲು ನೋಡಿ, ಕೆಲವರು ಒಪ್ಪುತ್ತಾರೆ. ಫ್ಯುಯಲ್ ಸರ್‌ಚಾರ್ಜ್ (ಡೀಸೆಲ್ ಬೆಲೆಗೆಂದು ಗ್ರಾಹಕರು ಕೊಡುವ ಹೆಚ್ಚುವರಿ ಹಣ) ಪೂರ್ತಿ ನಿಮಗೆ ಕೊಡುತ್ತಾರಾ, ಅದನ್ನೂ ಅದೇ ಇಮೇಲ್‌ನಲ್ಲಿ ಕೇಳಿ.

ಹೈವೇ_ಹುಬ್ಬಳ್ಳಿ
ನೆವಾಡಾ ಯಾರ್ಡ್ ಎಂದರೆ ರೀನೋ ಕಡೆಯಾ? ನಾನು ಮುಂದಿನ ವಾರ ಐ-80ರಲ್ಲಿ ಅಲ್ಲಿಗೆ ಬರುತ್ತೇನೆ. ಕಂಪನಿ ಹೆಸರು ನನಗೆ ಖಾಸಗಿಯಾಗಿ ಕಳಿಸು, ಅಲ್ಲಿನ ಡ್ರೈವರ್‌ಗಳನ್ನು ವಿಚಾರಿಸಿ ಹೇಳುತ್ತೇನೆ.